ತೋಳ ಮತ್ತು ನಮ್ಮ ಗೋಮಾಳ

"ತೋಳ ಬಂತು ತೋಳ!" ಈ ಕತೆ ಕೇಳದವರು ಯಾರಿದ್ದಾರೆ? ನಮಗೆ ಅಜ್ಜಿ ಹೇಳಿದರು. ನಾವು ನಮ್ಮ ಮಕ್ಕಳಿಗೆ ಹೇಳಿದೆವು. ಆದರೆ ತೋಳವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಕುರಿ ಸಾಕುವ ಮನೆಯವರು ಕಂಡಿರಬಹುದು. ಉಳಿದವರಿಗೆ ತೋಳ ಅಂದರೆ ಬರೀ ಕತೆ, ಬರೀ ಹೆದರಿಕೆ.

ತೋಳ ನಾಯಿಯ ಜಾತಿಗೆ ಸೇರಿದ ಪ್ರಾಣಿ. ದೂರದಿಂದ ನೋಡಿದರೆ ಬೀದಿ ನಾಯಿಯ ಹಾಗೇ ಕಾಣುತ್ತದೆ. ಗುರುತು ಹಿಡಿಯುವುದು ಹೇಗೆ? ತೋಳದ ಕಾಲು ಉದ್ದ. ಮೈ ಬಣ್ಣ ಒಣಗಿದ ಹುಲ್ಲಿನ ಹಾಗೆ, ಬೂದು ಮತ್ತು ಕಂದು. ಬಾಲ ಕೆಳಗೆ ಜೋತು ಬಿದ್ದಿರುತ್ತದೆ. ಅನೇಕ ನಾಯಿಗಳ ಬಾಲದಂತೆ ಸುರುಳಿ ಸುತ್ತುವುದಿಲ್ಲ. ತೂಕ ಸುಮಾರು 20 ಕಿಲೋ. ನರಿ ಇದಕ್ಕಿಂತ ಚಿಕ್ಕದು.

ತೋಳ ದಟ್ಟ ಕಾಡಿನಲ್ಲಿರುತ್ತದೆ ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ನಮ್ಮ ದೇಶದ ತೋಳಕ್ಕೆ ಬಯಲೇ ಇಷ್ಟ. ಹುಲ್ಲುಗಾವಲು, ಕುರುಚಲು ಗಿಡ, ಕಲ್ಲು ಗುಡ್ಡ ಇವೇ ಅದರ ಮನೆ. ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆಯ ಬಯಲಿನಲ್ಲಿ ತೋಳಗಳಿವೆ. ಕೃಷ್ಣಮೃಗ, ಮೊಲ, ಇಲಿ ಅದರ ಆಹಾರ. ಇವು ಸಿಗದ ಕಡೆ ಕುರಿ, ಮೇಕೆಯೇ ಗತಿ.

ತೋಳದ ಸಂಸಾರದ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಒಂದು ಗಂಡು, ಒಂದು ಹೆಣ್ಣು, ಅವುಗಳ ಬೆಳೆದ ಮಕ್ಕಳು, ಹೀಗೆ ಒಂದು ಗುಂಪು. ಹೆಣ್ಣು ತೋಳದ ಬಸಿರು ಎರಡು ತಿಂಗಳು. ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಗುಡ್ಡದ ಸಂದಿಯಲ್ಲೋ ನೆಲ ಬಗೆದ ಬಿಲದಲ್ಲೋ ಅದರ ಬಾಣಂತನ. ಮರಿಗಳಿಗೆ ಹುಟ್ಟಿದಾಗ ಕಣ್ಣು ಕಾಣಿಸದು. ತಾಯಿ ಅವುಗಳನ್ನು ಬಿಟ್ಟು ದೂರ ಹೋಗುವಂತಿಲ್ಲ. ಆಗ ಊಟ ತರುವವರು ಯಾರು? ಗಂಡು ತೋಳ ತರುತ್ತದೆ. ಹಿಂದಿನ ಸೂಲಿನ ಅಕ್ಕ ಅಣ್ಣಂದಿರೂ ತರುತ್ತಾರೆ. ದೂರದಲ್ಲಿ ತಿಂದು ಬಂದು, ಹೊಟ್ಟೆಯಿಂದ ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಬಾಣಂತನಕ್ಕೆ ಮನೆಮಂದಿಯೆಲ್ಲ ಕೈಹಾಕುತ್ತಾರೆ ನೋಡಿ. ಎಷ್ಟು ಮನೆಗಳಲ್ಲಿ ಹೀಗಿದೆ, ನೀವೇ ಹೇಳಿ!

ಇಷ್ಟೆಲ್ಲ ಗೊತ್ತಾದದ್ದು ಹೇಗೆ? ಕೆಲವರು ವರ್ಷಗಟ್ಟಲೆ ತೋಳದ ಹಿಂದೆ ಬಿದ್ದು ತಿಳಿದುಕೊಂಡಿದ್ದಾರೆ. ಗುಜರಾತಿನ ವೇಳಾವದರ್ ಎಂಬ ಹುಲ್ಲುಗಾವಲಿನಲ್ಲಿ ವೈ.ವಿ. ಝಾಲಾ ಎಂಬ ವಿಜ್ಞಾನಿ ತೋಳಗಳನ್ನು ಅಭ್ಯಾಸ ಮಾಡಿದರು. ಇಂಥ ಅಭ್ಯಾಸಕ್ಕೆ ತೋಳದ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟುತ್ತಾರೆ. ಪಟ್ಟಿಯಿಂದ ಬರುವ ಸದ್ದು ಹಿಡಿದು, ಅದು ಎಲ್ಲಿ ಹೋಯಿತು ಅಂತ ತಿಳಿಯುತ್ತಾರೆ. ತೋಳದ ಮಲವನ್ನೂ ಆರಿಸಿ ತರುತ್ತಾರೆ. ಅದನ್ನು ತೊಳೆದು, ಒಳಗಿನ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊಲದ ಕೂದಲೋ ಕುರಿಯ ಉಣ್ಣೆಯೋ ಗೊತ್ತಾಗುತ್ತದೆ. ಥೂ ಅನ್ನಬೇಡಿ. ದಿನಾ ಸಗಣಿ ಬಾಚುವ ಕೈ ನಮ್ಮದು!

ವಿಜ್ಞಾನಿಗಳು ಕಂಡುಕೊಂಡ ಇನ್ನೊಂದು ಸಂಗತಿ ಇದೆ. ಲೋಕದ ತೋಳಗಳ ಪೈಕಿ ನಮ್ಮ ತೋಳದ್ದು ಬಹಳ ಹಳೆಯ ವಂಶ. ಆದರೆ ಈಗ ಉಳಿದಿರುವುದು ಸುಮಾರು 3,000 ಮಾತ್ರ. 2022ರ ಲೆಕ್ಕದಲ್ಲಿ ನಮ್ಮ ದೇಶದ ಹುಲಿಗಳು ಸುಮಾರು 3,682. ಅಂದರೆ ಹುಲಿಗಿಂತ ತೋಳವೇ ಕಡಿಮೆ. ಹುಲಿಯ ಸುದ್ದಿ ಎಲ್ಲರೂ ಆಡುತ್ತಾರೆ. ತೋಳವನ್ನು ಕೇಳುವವರಿಲ್ಲ.

ತೋಳ ಯಾಕೆ ಕಡಿಮೆಯಾಯಿತು? ಹಿಂದೆ ಹೊಗೆ ಹಾಕಿ ಬಿಲದಲ್ಲೇ ಮರಿಗಳನ್ನು ಕೊಲ್ಲುತ್ತಿದ್ದರು. ಸತ್ತ ಕುರಿಗೆ ವಿಷ ಇಡುವವರು ಈಗಲೂ ಇದ್ದಾರೆ. ಊರ ನಾಯಿಗಳ ರೋಗ ತೋಳಕ್ಕೂ ಅಂಟುತ್ತದೆ. ಇವೆಲ್ಲ ಒಂದು ಕಡೆ. ದೊಡ್ಡ ಕಾರಣ ನೆಲದ್ದು.

ನಿಮ್ಮ ಊರಿನ ಗೋಮಾಳ ನೆನಪು ಮಾಡಿಕೊಳ್ಳಿ. ಸರ್ಕಾರದ ಕಾಗದದಲ್ಲಿ ಇಂಥ ನೆಲಕ್ಕೆ ಬಂಜರು, ಬೀಳು ಅಂತ ಎಷ್ಟೋ ಸಲ ಬರೆದಿರುತ್ತಾರೆ. ಅಂದರೆ ಪ್ರಯೋಜನವಿಲ್ಲದ್ದು. ನಿಜವಾಗಿ ಅದು ಪ್ರಯೋಜನವಿಲ್ಲದ್ದೇ? ಅಲ್ಲಿ ನಮ್ಮ ಕುರಿ, ಮೇಕೆ ಮೇಯುತ್ತವೆ. ನಾವು ಪುಳ್ಳೆ ಆರಿಸಿ ತರುತ್ತೇವೆ. ಪೊರಕೆ ಹುಲ್ಲು ಕೊಯ್ಯುತ್ತೇವೆ. ಮಳೆ ಬಿದ್ದಾಗ ಸೊಪ್ಪು ಸಿಗುತ್ತದೆ. ಅದೇ ನೆಲದಲ್ಲಿ ಮೊಲ ಇರುತ್ತದೆ, ತೋಳವೂ ಇರುತ್ತದೆ. ಅದನ್ನು ಉತ್ತು ಹೊಲ ಮಾಡಿದರೆ, ನೀಲಗಿರಿ ನೆಟ್ಟರೆ, ಕಲ್ಲುಗಣಿ ತೆಗೆದರೆ ತೋಳ ಎಲ್ಲಿಗೆ ಹೋಗಬೇಕು? ನಮ್ಮ ಮೇಕೆ ಎಲ್ಲಿಗೆ ಹೋಗಬೇಕು? ಮೇವು ಹುಡುಕಿ ನಾವು ಇನ್ನೂ ಎರಡು ಮೈಲಿ ನಡೆಯುತ್ತೇವೆ. ಮೊಲ ಸಿಗದ ತೋಳ ನಮ್ಮ ದೊಡ್ಡಿಗೆ ಬರುತ್ತದೆ. ಗೋಮಾಳದ ಮಾತು ಗ್ರಾಮಸಭೆಗೆ ಬಂದಾಗ ಹೆಂಗಸರು ಎದ್ದು ಕೇಳಬೇಕು ಅಂತ ನಾವು ಹೇಳುವುದು ಇದಕ್ಕೇ.

ತೋಳವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ತೋಳಗಳ ರಕ್ಷಣೆಗೆಂದು ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1974ರಲ್ಲಿ ವನ್ಯಧಾಮ ಮಾಡಿದರು. ಈಗ ಗಂಗಾವತಿ ತಾಲೂಕಿನ ಬಂಕಾಪುರದಲ್ಲೂ ತೋಳಧಾಮವಿದೆ. ಆದರೆ ಹೆಚ್ಚಿನ ತೋಳಗಳು ಧಾಮದ ಹೊರಗೆ, ನಮ್ಮ ಹೊಲ, ಗೋಮಾಳಗಳ ನಡುವೆಯೇ ಬದುಕುತ್ತವೆ. ಕುರಿಗಾರ ಹಿರಿಯರು ಕೆಲವರು ಹೇಳುವುದುಂಟು: "ಒಂದು ಕುರಿ ಒಯ್ದರೆ ಒಯ್ಯಲಿ ಬಿಡು, ಅದು ತೋಳದ ಪಾಲು." ದೊಡ್ಡ ಮಾತು ಅದು. ಆದರೆ ನಾಲ್ಕೇ ಮೇಕೆ ಇರುವ ಹೆಂಗಸು ಹಾಗೆ ಹೇಳಲು ಆದೀತೇ?

"ಹಾಗಾದರೆ ತೋಳ ಮಕ್ಕಳನ್ನು ಒಯ್ಯುವುದು ಸುಳ್ಳಾ?" ಅಂತ ನೀವು ಕೇಳಬಹುದು. ಸುಳ್ಳಲ್ಲ. ಆದರೆ ಅಪರೂಪ. ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ 1996ರಲ್ಲಿ ತೋಳದಿಂದ ಅನೇಕ ಮಕ್ಕಳು ಸತ್ತರು. 2024ರಲ್ಲಿ ಅದೇ ರಾಜ್ಯದ ಬಹರಾಯಿಚ್ ಜಿಲ್ಲೆಯಲ್ಲಿ ಮತ್ತೆ ಹಾಗಾಯಿತು. ಸತ್ತವರು ಬಡವರ ಮಕ್ಕಳು. ಕೆಲವರ ಮನೆಗೆ ಬಾಗಿಲೇ ಇರಲಿಲ್ಲ. 1996ರಲ್ಲಿ ಇನ್ನೊಂದು ಅನಾಹುತವೂ ನಡೆಯಿತು. "ಅದು ತೋಳವಲ್ಲ, ವೇಷ ಹಾಕಿದ ಮನುಷ್ಯ" ಅಂತ ಪುಕಾರು ಹುಟ್ಟಿತು. ಜನ ಅಪರಿಚಿತರನ್ನು ಹಿಡಿದು ಹೊಡೆದರು. ಏನೂ ಅರಿಯದವರು ಪ್ರಾಣ ಕಳೆದುಕೊಂಡರು.

ತೋಳ ಓಡಾಡುವ ಸುದ್ದಿ ಇದ್ದರೆ ಪುಟ್ಟ ಮಕ್ಕಳನ್ನು ಬಯಲಿನಲ್ಲಿ ಮಲಗಿಸಬೇಡಿ. ಕತ್ತಲಲ್ಲಿ ಬಯಲಿಗೆ ಒಂಟಿಯಾಗಿ ಕಳಿಸಬೇಡಿ. ತೋಳವಾಗಲಿ ನಾಯಿಯಾಗಲಿ ಕಚ್ಚಿದರೆ ಅರಿಶಿನ, ಸುಣ್ಣ ಮೆತ್ತಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹುಚ್ಚು ನಾಯಿ ರೋಗ ತೋಳದಿಂದಲೂ ಬರುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ.

ಇನ್ನು ಕುರಿ ಮೇಕೆ. ಹಟ್ಟಿ ಅನ್ನಿ, ರೊಪ್ಪ ಅನ್ನಿ, ದೊಡ್ಡಿ ಅನ್ನಿ, ರಾತ್ರಿ ಅದರ ಬೇಲಿ ಭದ್ರವಾಗಿರಲಿ. ಮರಿಗಳನ್ನು ಮನೆಯ ಹತ್ತಿರ ಕೂಡಿ. ಸತ್ತ ಕುರಿಯನ್ನು ಊರ ಪಕ್ಕ ಎಸೆಯಬೇಡಿ. ಅದರ ವಾಸನೆಗೆ ನಾಯಿಯೂ ಬರುತ್ತದೆ, ತೋಳವೂ ಬರುತ್ತದೆ. ಎಷ್ಟೋ ಸಲ ಕುರಿ ಕೊಂದದ್ದು ಬೀದಿ ನಾಯಿ, ಹೆಸರು ತೋಳಕ್ಕೆ.

ಕಾಡುಪ್ರಾಣಿ ಕುರಿಯನ್ನು ಕೊಂದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಸತ್ತ ಕುರಿಯನ್ನು ಅಲ್ಲಿಂದ ಎತ್ತಬೇಡಿ. ಹೂಳಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆಸಿ. ಅದೇ ದಿನ ಅರಣ್ಯ ಇಲಾಖೆಯವರಿಗೆ ತಿಳಿಸಿ. ಪಶುವೈದ್ಯರು ಬಂದು ನೋಡಲಿ. ಅರ್ಜಿಯನ್ನು ಬೇರೆಯವರ ಕೈಯಲ್ಲಿ ಬರೆಸಬೇಕಾಗಿಲ್ಲ. ನೀವೇ ಹೀಗೆ ಬರೆಯಬಹುದು:

ವಲಯ ಅರಣ್ಯ ಅಧಿಕಾರಿಯವರಿಗೆ,

ನಾನು ............ ಗ್ರಾಮದವಳು. ............ ತಾರೀಕು ರಾತ್ರಿ ನಮ್ಮ ದೊಡ್ಡಿಗೆ ತೋಳ ನುಗ್ಗಿ ............ ಕುರಿಗಳನ್ನು ಕೊಂದಿದೆ. ದಯವಿಟ್ಟು ಸ್ಥಳಕ್ಕೆ ಬಂದು ನೋಡಿ, ಪರಿಹಾರ ಕೊಡಿಸಬೇಕು.

ಇಂತಿ,
(ಸಹಿ) ............

ಇದನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ತಾರೀಕು, ಮೊಹರು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.