ಸಾಕಿದ ಆಮೆಯ ಕೊಕ್ಕು ಮತ್ತು ಉಗುರುಗಳ ಪಾಲನೆ

ಸದಾ ಕೊಟ್ಟಿಗೆಯಲ್ಲೇ ಕಟ್ಟಿದ ಹಸುವಿನ ಗೊರಸು ಬೆಳೆದು ಮುಂದಕ್ಕೆ ಬಾಗುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಹೊಲ, ಗೋಮಾಳ ತಿರುಗಿ ಮೇಯುವ ಹಸುವಿಗೆ ಈ ತೊಂದರೆ ಕಡಿಮೆ. ಗೊರಸು ದಿನವೂ ಬೆಳೆಯುತ್ತದೆ, ದಿನವೂ ಸವೆಯುತ್ತದೆ. ಸವೆತ ನಿಂತರೆ ಬೆಳವಣಿಗೆ ಮಾತ್ರ ಉಳಿಯುತ್ತದೆ. ಆಮೆಯ ಕೊಕ್ಕು, ಉಗುರುಗಳ ವಿಷಯವೂ ಹೀಗೆಯೇ.

ಬೇಸಾಯಶಾಸ್ತ್ರ ಬೋಧಿಸುವ ನಾನು ಆಮೆಯ ಬಗ್ಗೆ ಬರೆಯಲು ಕಾರಣವಿದೆ. ಕಳೆದ ಬೇಸಿಗೆಯಲ್ಲಿ ತರಬೇತಿಗೆ ಬಂದ ರೈತರೊಬ್ಬರು ಬಕೆಟ್ಟಿನಲ್ಲಿ ಒಂದು ಆಮೆಯನ್ನು ತಂದಿದ್ದರು. ಪಟ್ಟಣದಲ್ಲಿ ಓದುವ ಮಗ ಕೊಂಡು ತಂದದ್ದು. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕದ ನೀರಾಮೆ. ಮೂರು ವರ್ಷ ಅನ್ನ, ಮಂಡಕ್ಕಿ, ಬ್ರೆಡ್ಡು ತಿನ್ನಿಸಿದ್ದರು. ಮೇಲಿನ ಕೊಕ್ಕು ಕೆಳದವಡೆಯನ್ನು ದಾಟಿ ಇಳಿದಿತ್ತು. ಉಗುರು ಉದ್ದವಾಯಿತೆಂದು ಮನೆಯಲ್ಲೇ ಕತ್ತರಿಸಿದಾಗ ರಕ್ತ ಸುರಿದಿತ್ತು. "ಹತ್ತು ದಿವಸದಿಂದ ಏನೂ ತಿಂದಿಲ್ಲ ಸಾರ್, ಮಗಳು ಒಂದೇ ಸಮ ಅಳ್ತಾಳೆ" ಎಂದರು. ಪಶುವೈದ್ಯ ಮಿತ್ರರ ಬಳಿಗೆ ಕರೆದೊಯ್ದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು

ಹೊಲ ಉಳುವಾಗ ಸಿಗುವ ನಕ್ಷತ್ರ ಆಮೆಯನ್ನಾಗಲಿ, ಕೆರೆಯ ಮೃದುಚಿಪ್ಪಿನ ಆಮೆಯನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. 2022ರ ತಿದ್ದುಪಡಿಯಲ್ಲಿ ನಕ್ಷತ್ರ ಆಮೆಯನ್ನು ಒಂದನೇ ಅನುಸೂಚಿಗೆ ಸೇರಿಸಲಾಗಿದೆ. ಆಮೆಯಿದ್ದ ಮನೆಗೆ ಐಶ್ವರ್ಯ ಬರುವುದೆಂಬ ಮಾತನ್ನು ನಂಬಿ ಜೈಲಿನ ದಾರಿ ಹಿಡಿಯಬಾರದು. ಹೊಲದಲ್ಲಿ ಕಂಡ ಆಮೆಯನ್ನು ಬದುವಿನ ಪೊದೆಯ ಬಳಿ ಬಿಟ್ಟು ಉಳುಮೆ ಮುಂದುವರಿಸಬೇಕು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮುಂದೆ ಹೇಳುವುದು ಈಗಾಗಲೇ ಮನೆಯಲ್ಲಿರುವ ಕೆಂಪು ಪಟ್ಟೆಯ ಆಮೆಗೆ ಅನ್ವಯಿಸುತ್ತದೆ.

ಕೊಕ್ಕು ಬೆಳೆಯುವುದೇಕೆ?

ಆಮೆಗೆ ಹಲ್ಲಿಲ್ಲ. ಅದರ ದವಡೆಯ ಮೇಲೆ ಕೊಂಬು, ಗೊರಸುಗಳ ಜಾತಿಯದೇ ಆದ ಕೆರಾಟಿನ್ ಹೊದಿಕೆಯಿದೆ. ಇದೇ ಕೊಕ್ಕು. ನಾರಿನ ಎಲೆ, ಸಣ್ಣ ಮೀನು, ಬಸವನಹುಳುಗಳನ್ನು ಕಚ್ಚಿ ಹರಿಯುವಾಗ ಇದು ಸವೆಯುತ್ತದೆ. ಅನ್ನ, ಬ್ರೆಡ್ಡಿನಂಥ ಮೆತ್ತನೆಯ ಆಹಾರದಿಂದ ಸವೆಯುವುದಿಲ್ಲ.

ಎರಡನೆಯ ಕಾರಣ ಸುಣ್ಣದ ಕೊರತೆ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಸುಮಾರು ಎರಡು ಪಾಲು ಇರಬೇಕು. ಅಕ್ಕಿಯಲ್ಲಿ ಇದು ತಿರುವುಮುರುವಾಗಿದೆ. ಬಿಸಿಲು ಸಿಗದಿದ್ದರೆ ಮೈಯಲ್ಲಿ ಡಿ ಜೀವಸತ್ವ ತಯಾರಾಗದೆ, ತಿಂದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಆಗ ದವಡೆಯ ಮೂಳೆ ಮೆತ್ತಗಾಗಿ ಓರೆಯಾಗುತ್ತದೆ. ಮೇಲಿನ ಕೊಕ್ಕು, ಕೆಳಗಿನ ಕೊಕ್ಕು ಕೂಡುವುದಿಲ್ಲ. ಹಳೆಯ ಪೆಟ್ಟು ಮತ್ತು ಯಕೃತ್ತಿನ ಕಾಯಿಲೆಗಳಿಂದಲೂ ಕೊಕ್ಕು ಮಿತಿಮೀರಿ ಬೆಳೆಯಬಹುದು.

ಅನುಸರಿಸಬೇಕಾದ ಕ್ರಮಗಳು

1. ಅನ್ನ, ಮಂಡಕ್ಕಿ, ಬ್ರೆಡ್ಡು ನಿಲ್ಲಿಸಿ. ನುಗ್ಗೆ ಸೊಪ್ಪು, ದಾಸವಾಳದ ಎಲೆ, ಅಜೋಲ ಕೊಡಿ. ಜೊತೆಗೆ ಆಮೆಯ ಗುಳಿಗೆ ಆಹಾರವನ್ನೂ ಮುಳ್ಳುಸಹಿತ ಸಣ್ಣ ಮೀನನ್ನೂ ಮಿತವಾಗಿ ಕೊಡಬಹುದು. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದರಿಂದ ಅದನ್ನು ದಿನವೂ ಹಾಕಬಾರದು.

2. ಗ್ರಂದಿಗೆ ಅಂಗಡಿಯಲ್ಲಿ ಸಮುದ್ರಫೇನವೆಂದು ಸಿಗುವ ಬಿಳಿಯ ತುಂಡನ್ನು ನೀರಿನಲ್ಲಿ ತೇಲಬಿಡಿ. ಕಚ್ಚಿದಷ್ಟೂ ಕೊಕ್ಕು ಸವೆಯುತ್ತದೆ, ಕ್ಯಾಲ್ಸಿಯಮ್ಮೂ ದೊರೆಯುತ್ತದೆ.

3. ತೊಟ್ಟಿಯಲ್ಲಿ ನೀರಿನಿಂದ ಮೇಲೆ ಬರುವಂತೆ ಒರಟು ಮುಖದ ಕಲ್ಲುಚಪ್ಪಡಿಯನ್ನು ಇಳಿಜಾರಾಗಿ ಇಡಿ. ಹತ್ತಿ ಇಳಿಯುವಾಗ ಉಗುರು ಸವೆಯುತ್ತದೆ. ನುಣುಪಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಇದು ಸಾಧ್ಯವಿಲ್ಲ.

4. ಬೆಳಗಿನ ನೇರ ಬಿಸಿಲು ಬೀಳಬೇಕು. ಪಕ್ಕದಲ್ಲಿ ನೆರಳೂ ಇರಬೇಕು. ಕಿಟಕಿಯ ಗಾಜು ಬೇಕಾದ ಕಿರಣಗಳನ್ನು ತಡೆಯುವುದರಿಂದ ಗಾಜಿನೊಳಗಿನ ಬಿಸಿಲು ಸಾಲದು.

ಉಗುರು ಕತ್ತರಿಸುವ ಮುನ್ನ

ಗಂಡು ಆಮೆಯ ಮುಂಗಾಲಿನ ಉಗುರು ಸಹಜವಾಗಿಯೇ ಉದ್ದವಾಗಿ ಬೆಳೆಯುವ ಗುಣದ್ದು. ಹೆಣ್ಣಿನ ಮುಂದೆ ಅದನ್ನು ಅದುರಿಸಿ ಒಲಿಸಿಕೊಳ್ಳುತ್ತದೆ. ಇದು ರೋಗವಲ್ಲ; ಕತ್ತರಿಸಬಾರದು. ಉಗುರು ಸುರುಳಿಯಾಗಿ ನಡೆಯಲು ಅಡ್ಡಿಯಾದಾಗ ಮಾತ್ರ ತುದಿ ತೆಗೆಸಬೇಕು. ಉಗುರಿನೊಳಗೆ ರಕ್ತನಾಳ, ನರಗಳಿವೆ. ಕಪ್ಪು ಉಗುರಿನಲ್ಲಿ ಅವು ಕಾಣುವುದಿಲ್ಲ. ಆಕಸ್ಮಿಕವಾಗಿ ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟನ್ನು ಒತ್ತಿ ಹಿಡಿದು, ರಕ್ತ ನಿಂತ ಮೇಲೂ ಕೆಲವು ಗಂಟೆ ಒಣ ಜಾಗದಲ್ಲಿಡಬೇಕು.

ಕೊಕ್ಕಿಗೆ ಮನೆಯಲ್ಲಿ ಕತ್ತರಿ, ಇಕ್ಕಳ ಹಾಕಲೇಬಾರದು. ಕೊಕ್ಕು ಸೀಳಿದರೆ ಬಿರುಕು ದವಡೆಯವರೆಗೂ ಹೋಗುತ್ತದೆ. ಪಶುವೈದ್ಯರು ಸಣ್ಣ ಉಜ್ಜುಯಂತ್ರದಿಂದ ಸ್ವಲ್ಪ ಸ್ವಲ್ಪವಾಗಿ ಸವೆಸುತ್ತಾರೆ. ಹೆಚ್ಚು ಬೆಳೆದಿದ್ದರೆ ಎರಡು ಮೂರು ಸಲ ಹೋಗಬೇಕಾಗುತ್ತದೆ.

ಎಚ್ಚರಿಕೆ

ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣುಗಳಿರುತ್ತವೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿದರು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ತೊಟ್ಟಿಯ ನೀರನ್ನು ಅಡುಗೆಮನೆಯ ಬಚ್ಚಲಿಗೆ ಸುರಿಯಬಾರದು.

ಸಾಕಲಾಗದೆಂದು ಈ ಆಮೆಯನ್ನು ಕೆರೆಗೆ, ಕೃಷಿಹೊಂಡಕ್ಕೆ ಬಿಡುವುದು ದೊಡ್ಡ ತಪ್ಪು. ಪಾರ್ಥೇನಿಯಂ ಕಳೆಯಿಂದ ನಾವು ಕಲಿತ ಪಾಠ ಇಲ್ಲಿಯೂ ಸಲ್ಲುತ್ತದೆ. ಹೊರನಾಡಿನ ಈ ಜೀವಿ ನಮ್ಮ ಆಮೆಗಳ ಆಹಾರ, ನೆಲೆಗಳನ್ನು ಕಿತ್ತುಕೊಳ್ಳುತ್ತದೆ. ನಾಣ್ಯದಷ್ಟಿದ್ದ ಮರಿ ಊಟದ ತಟ್ಟೆಯಷ್ಟಾಗಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು, ಕೊಳ್ಳದಿರುವುದೇ ಲೇಸು.

ಆ ರೈತರ ಆಮೆಯ ಕೊಕ್ಕನ್ನು ಎರಡು ಸಲ ಸವೆಸಬೇಕಾಯಿತು. ಮೊದಲ ಸಲವಾದ ಮೂರನೆಯ ದಿನ ಅದು ದಾಸವಾಳದ ಎಲೆಯ ಅಂಚನ್ನು ಕಚ್ಚಿತೆಂದು ಅವರು ಫೋನು ಮಾಡಿ ತಿಳಿಸಿದರು. ದವಡೆ ಮಾತ್ರ ಓರೆಯಾಗಿಯೇ ಉಳಿದಿದೆ. ಮೊದಲ ದಿನದಿಂದಲೇ ಸರಿಯಾದ ಮೇವು, ಬಿಸಿಲು, ಒಂದು ಒರಟು ಕಲ್ಲು ಒದಗಿಸಿದ್ದರೆ ಇಷ್ಟಕ್ಕೆಲ್ಲ ಎಡೆಯಿರುತ್ತಿರಲಿಲ್ಲ.