ರೆಕ್ಕೆಗೊಂದು ಒರೆಗಲ್ಲು

ವಿಮಾನದ ರೆಕ್ಕೆಯನ್ನು ಮುಂಭಾಗದಿಂದ ಹಿಂಭಾಗಕ್ಕೆ ನೇರವಾಗಿ ಕೊಯ್ದರೆ ಕಾಣುವ ಆಕೃತಿ ಬಹು ಸರಳವಾದುದು: ಮುಂದೆ ದುಂಡು, ಹಿಂದೆ ಚೂಪು, ಬೆನ್ನಿನಲ್ಲಿ ತುಸು ಉಬ್ಬು. ಆದರೆ ವಿಮಾನವು ಎಷ್ಟು ಭಾರವನ್ನು ಹೊರಬಲ್ಲದು, ಎಷ್ಟು ಇಂಧನವನ್ನು ಸುಡುತ್ತದೆ ಎಂಬುದು ಬಹುಮಟ್ಟಿಗೆ ಈ ಆಕೃತಿಯನ್ನೇ ಅವಲಂಬಿಸಿದೆ. ಗಾಳಿಯು ರೆಕ್ಕೆಯನ್ನು ಮೇಲಕ್ಕೆತ್ತುವ ಬಲವನ್ನು ಎತ್ತುಬಲವೆಂದೂ, ಹಿಂದಕ್ಕೆಳೆಯುವ ಬಲವನ್ನು ಸೆಳೆತವೆಂದೂ ಕರೆಯೋಣ. ಬೇಕಾದಷ್ಟು ಎತ್ತುಬಲವನ್ನು ಕೊಟ್ಟು, ಸೆಳೆತವನ್ನು ಆದಷ್ಟು ಕಡಿಮೆ ಮಾಡುವ ಆಕೃತಿ ಯಾವುದು? ಇದನ್ನು ಹುಡುಕುವಲ್ಲಿ ನರಜಾಲವೆಂಬ ಗಣಿತಸಾಧನವು ಹೇಗೆ ನೆರವಾಗುತ್ತದೆ, ಎಲ್ಲಿ ಮೋಸಗೊಳಿಸುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಹುಡುಕಾಟದ ಕಷ್ಟ

ತಮ್ಮ ಗ್ಲೈಡರು ನಿರೀಕ್ಷಿಸಿದಷ್ಟು ಎತ್ತುಬಲವನ್ನು ಕೊಡದಿರಲು, ಅಮೆರಿಕದ ರೈಟ್ ಸಹೋದರರು 1901ರಲ್ಲಿ ಆರಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಕಟ್ಟಿ, ಅದರೊಳಗೆ ಗಾಳಿ ಹಾಯಿಸಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಇದೇ ಅವರ ವಾಯುಸುರಂಗ. ಅಲ್ಲಿ ದೊರೆತ ಅಳತೆಗಳ ಬಲದಿಂದ ರೂಪುಗೊಂಡ ರೆಕ್ಕೆಗಳೇ 1903ರ ಡಿಸೆಂಬರ್ 17ರಂದು ಅವರ ವಿಮಾನವನ್ನು ಮೇಲೆತ್ತಿದವು. ಮುಂದೆ 1933ರಲ್ಲಿ ಅಮೆರಿಕದ ಎನ್.ಎ.ಸಿ.ಎ. ಎಂಬ ಸಂಸ್ಥೆಯು 78 ಆಕೃತಿಗಳ ಪರೀಕ್ಷಾಫಲಗಳನ್ನು ಪ್ರಕಟಿಸಿತು. ಆಕೃತಿಯನ್ನು ಅಂಕಿಗಳಲ್ಲಿಯೇ ಹೇಳಿದುದು ಅದರ ವಿಶೇಷ. ಉದಾಹರಣೆಗೆ, 2412 ಎಂಬ ಆಕೃತಿಯಲ್ಲಿ ಬಾಗು ರೆಕ್ಕೆಯ ಅಗಲದ ನೂರಕ್ಕೆ 2 ಪಾಲು. ಆ ಬಾಗಿನ ತುದಿ ಮುಂಚೂಣಿಯಿಂದ ಹತ್ತರಲ್ಲಿ 4 ಪಾಲು ದೂರ. ದಪ್ಪ ನೂರಕ್ಕೆ 12 ಪಾಲು.

ಈಗ ವಾಯುಸುರಂಗಕ್ಕೆ ಹೋಗುವ ಮುನ್ನವೇ ಗಣಕಯಂತ್ರದಲ್ಲಿ ಲೆಕ್ಕ ಹಾಕಬಹುದು. ಗಾಳಿಯ ಚಲನೆಯ ಸಮೀಕರಣಗಳನ್ನು ನೇವಿಯೇ ಮತ್ತು ಸ್ಟೋಕ್ಸ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿಯೇ ಕೊಟ್ಟಿದ್ದಾರೆ. ರೆಕ್ಕೆಯ ಸುತ್ತಲಿನ ಜಾಗವನ್ನು ಅಸಂಖ್ಯ ಸಣ್ಣ ಕೋಶಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಆ ಸಮೀಕರಣಗಳನ್ನು ಬಿಡಿಸಬೇಕು. ಒಂದು ಆಕೃತಿಗೆ ಒಂದು ಗಂಟೆ ಹಿಡಿಯಿತೆನ್ನೋಣ. ಆಕೃತಿಯನ್ನು 10 ಅಂಕಿಗಳು ನಿರ್ಣಯಿಸುವುದಾದರೆ, ಒಂದೊಂದಕ್ಕೂ 10 ಬೆಲೆಗಳನ್ನು ಕೊಟ್ಟು ನೋಡಲು 1000 ಕೋಟಿ ಲೆಕ್ಕಗಳು ಬೇಕು. ಅಷ್ಟಕ್ಕೆ 11 ಲಕ್ಷ ವರ್ಷಗಳೂ ಸಾಲವು! ಇಂಥ ಹುಚ್ಚಿಗೆ ಯಾರೂ ಹೋಗುವುದಿಲ್ಲವೆಂಬುದು ನಿಜ. ಯಾವ ಅಂಕಿಯನ್ನು ಯಾವ ಕಡೆಗೆ ತಿದ್ದಿದರೆ ಸೆಳೆತ ಇಳಿಯುವುದೆಂಬುದನ್ನು ಎಲ್ಲ ಅಂಕಿಗಳಿಗೂ ಒಟ್ಟಿಗೆ ತಿಳಿಯುವ ವಿಧಾನವನ್ನು ಆಂಟನಿ ಜೇಮ್ಸನ್ 1988ರಲ್ಲಿ ವಿಮಾನವಿನ್ಯಾಸಕ್ಕೆ ಅನ್ವಯಿಸಿ ತೋರಿಸಿದರು. ಆದರೂ ಒಂದೊಂದು ಹೆಜ್ಜೆಗೂ ದೀರ್ಘವಾದ ಲೆಕ್ಕ ತಪ್ಪದು.

ನರಜಾಲದ ಕಲಿಕೆ

ಅಕ್ಕಸಾಲಿಗನು ಪ್ರತಿಯೊಂದು ಒಡವೆಯನ್ನೂ ಕರಗಿಸಿ ನೋಡುವುದಿಲ್ಲ. ಒರೆಗಲ್ಲಿನ ಮೇಲೆ ಅದರ ಗೆರೆಯೆಳೆದು, ಮಟ್ಟ ತಿಳಿದಿರುವ ಚಿನ್ನದ ಗೆರೆಗಳೊಡನೆ ಹೋಲಿಸಿ, ಕ್ಷಣಮಾತ್ರದಲ್ಲಿ ಮಟ್ಟವನ್ನು ಅಂದಾಜು ಮಾಡುತ್ತಾನೆ. ನರಜಾಲದ ಕೆಲಸವೂ ಇಂಥದೇ.

ಹೆಸರು ಮಿದುಳಿನ ನರಕೋಶಗಳಿಂದ ಬಂದಿದ್ದರೂ ಇದು ಬರಿಯ ಗಣಿತ. ಆಕೃತಿಯ ಅಂಕಿಗಳು ಒಂದು ಕಡೆಯಿಂದ ಒಳಹೊಗುತ್ತವೆ. ಜಾಲದ ಪ್ರತಿಯೊಂದು ಗಂಟೂ ತನಗೆ ಬಂದ ಅಂಕಿಗಳನ್ನು ಬೇರೆಬೇರೆ ಗುಣಕಗಳಿಂದ ಗುಣಿಸಿ, ಕೂಡಿಸಿ, ಮೊತ್ತವನ್ನು ಒಂದು ವಕ್ರರೇಖೆಯ ನಿಯಮದಂತೆ ಮಾರ್ಪಡಿಸಿ, ಮುಂದಿನ ಗಂಟುಗಳಿಗೆ ಸಾಗಿಸುತ್ತದೆ. ಕೊನೆಯಲ್ಲಿ ಎತ್ತುಬಲ ಮತ್ತು ಸೆಳೆತಗಳ ಅಂದಾಜು ಹೊರಬರುತ್ತದೆ. ಮೊದಮೊದಲು ಈ ಅಂದಾಜು ಪೂರ್ತಿ ತಪ್ಪು. ಆಗ ನಿಜವಾದ ಉತ್ತರದೊಡನೆ ಹೋಲಿಸಿ, ತಪ್ಪು ಕಡಿಮೆಯಾಗುವಂತೆ ಗುಣಕಗಳನ್ನು ತುಸುತುಸುವೇ ತಿದ್ದಬೇಕು. ತಪ್ಪನ್ನು ಕೊನೆಯಿಂದ ಹಿಂದಕ್ಕೆ ಹಂಚಿ ಹೀಗೆ ತಿದ್ದುವ ವಿಧಾನವು 1986ರಲ್ಲಿ ರೂಮಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬುವರ ಲೇಖನದಿಂದ ಪ್ರಸಿದ್ಧಿಗೆ ಬಂದಿತು. ಸಾವಿರ ಆಕೃತಿಗಳ ನಿಜವಾದ ಲೆಕ್ಕಗಳನ್ನು ಮತ್ತೆ ಮತ್ತೆ ತೋರಿಸಿ ಜಾಲವನ್ನು ಪಳಗಿಸಿದರೆ, ಅನಂತರ ಹೊಸ ಆಕೃತಿಯೊಂದಕ್ಕೆ ಅದು ಸೆಕೆಂಡಿನ ಅಲ್ಪಭಾಗದಲ್ಲಿ ಉತ್ತರ ಕೊಡುತ್ತದೆ. ಲಕ್ಷ ಆಕೃತಿಗಳನ್ನು ಶೋಧಿಸುವುದೂ ಆಗ ಸುಲಭ.

ಮೋಸದ ಜಾಗ

ಆದರೆ ಎಚ್ಚರಿಕೆ ಬೇಕು. ಅಕ್ಕಸಾಲಿಗನ ಬಳಿ ಹೋಲಿಕೆಗೆ ಗೆರೆಯಿಲ್ಲದ ಲೋಹವು ಬಂದರೆ ಒರೆಗಲ್ಲು ಅವನನ್ನು ದಾರಿತಪ್ಪಿಸಬಹುದು. ಜಾಲವೂ ಹಾಗೆಯೇ. ತಾನು ಕಂಡ ಆಕೃತಿಗಳ ನಡುವೆ ಅದರ ಅಂದಾಜು ಸಾಮಾನ್ಯವಾಗಿ ಸರಿಯಾಗಿರುತ್ತದೆ; ಅವುಗಳಿಂದ ದೂರ ಸರಿದಂತೆ ಎಷ್ಟು ಬೇಕಾದರೂ ತಪ್ಪಬಹುದು. ತಪ್ಪಿದಾಗ ಅದು ತಾನಾಗಿ ತಡವರಿಸುವುದೂ ಇಲ್ಲ. ಅದೇ ಧೈರ್ಯದಿಂದ ಒಂದು ಅಂಕಿಯನ್ನು ಹೇಳಿಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದುಂಟು. ಜಾಲದ ತಪ್ಪು ಕೆಲವೆಡೆ ಸೆಳೆತವನ್ನು ಹೆಚ್ಚಾಗಿಯೂ ಕೆಲವೆಡೆ ಕಡಿಮೆಯಾಗಿಯೂ ತೋರಿಸುತ್ತದೆ. ನಾವು ಹುಡುಕುವುದಾದರೋ ಅತ್ಯಂತ ಕಡಿಮೆ ಸೆಳೆತವನ್ನು. ಆದುದರಿಂದ ನಮ್ಮ ಶೋಧನೆಯು, ಜಾಲವು ಸೆಳೆತವನ್ನು ಕಡಿಮೆಯೆಂದು ತಪ್ಪಾಗಿ ಹೇಳುವ ಜಾಗಗಳಿಗೇ ಹೋಗಿ ನಿಲ್ಲುವ ಸಂಭವ ಹೆಚ್ಚು. ಅದ್ಭುತವೆನಿಸುವ ಆಕೃತಿಯು ವಾಸ್ತವದಲ್ಲಿ ಬರಿಯ ಗಣಿತದ ಭ್ರಮೆಯಾಗಿರಬಹುದು.

ಇದಕ್ಕೆ ಪರಿಹಾರವೂ ಉಂಟು. ಮೊದಲನೆಯದಾಗಿ, ಶೋಧನೆಯನ್ನು ಜಾಲಕ್ಕೆ ಪರಿಚಯವಿರುವ ಆಕೃತಿಗಳ ಸಮೀಪಕ್ಕೆ ಮಿತಗೊಳಿಸಬೇಕು. ಎರಡನೆಯದಾಗಿ, ಹಲವು ಜಾಲಗಳನ್ನು ಬೇರೆಬೇರೆಯಾಗಿ ಪಳಗಿಸಿ, ಅವುಗಳ ಉತ್ತರಗಳು ಪರಸ್ಪರ ಒಪ್ಪದಿರುವಲ್ಲಿ ಸಂಶಯಪಡಬೇಕು. ಎಲ್ಲಕ್ಕೂ ಮುಖ್ಯವಾಗಿ, ಜಾಲವು ಮೆಚ್ಚಿದ ಆಕೃತಿಗೆ ಪೂರ್ಣ ಲೆಕ್ಕವನ್ನೇ ಮಾಡಿ, ಬಂದ ಉತ್ತರವನ್ನು ಜಾಲಕ್ಕೆ ಹೊಸ ಪಾಠವಾಗಿ ಕೊಟ್ಟು, ಮತ್ತೆ ಹುಡುಕಬೇಕು. ಎರಡೂ ಉತ್ತರಗಳು ಸೇರುವತನಕ ಹೀಗೆ ಮಾಡಿದರೆ ಭ್ರಮೆಯ ಜಾಗಗಳು ಒಂದೊಂದಾಗಿ ಕಳಚಿಬೀಳುತ್ತವೆ.

ಲಾಭವೆಷ್ಟು? ಗಂಟೆಗೊಂದರಂತೆ ಸಾವಿರ ಪಾಠಗಳನ್ನು ಸಿದ್ಧಪಡಿಸಲು ಒಂದೇ ಗಣಕಕ್ಕೆ 42 ದಿನಗಳು ಬೇಕು. ಒಂದೇ ರೆಕ್ಕೆಗಾಗಿ ಇಷ್ಟು ಶ್ರಮ ವ್ಯರ್ಥವಾಗಬಹುದು. ಜೇಮ್ಸನ್ನರ ಮಾರ್ಗವೇ ಅಲ್ಲಿ ಮೇಲೆನಿಸೀತು. ಒಂದೇ ಜಾತಿಯ ಹಲವು ರೆಕ್ಕೆಗಳನ್ನು ಬೇರೆಬೇರೆ ವೇಗಗಳಿಗೂ ಭಾರಗಳಿಗೂ ರೂಪಿಸಬೇಕಾದಾಗ ಆ ವೆಚ್ಚವು ಎಲ್ಲದಕ್ಕೂ ಹಂಚಿಹೋಗಿ ಹಗುರವಾಗುತ್ತದೆ. ಆಗಲೂ ಜಾಲದ ಮಾತು ಅಂದಾಜೇ ಹೊರತು ತೀರ್ಪಲ್ಲ. ಒರೆಗಲ್ಲು ಆಯ್ಕೆಗೆ ಸಾಕು. ಮನುಷ್ಯರ ಪ್ರಾಣವನ್ನು ಹೊತ್ತು ಹಾರುವ ರೆಕ್ಕೆಯನ್ನು ಮಾತ್ರ ಪುಟಕ್ಕಿಟ್ಟೇ ನೋಡಬೇಕು. ಪೂರ್ಣ ಲೆಕ್ಕ, ವಾಯುಸುರಂಗ, ಹಾರಾಟದ ಪರೀಕ್ಷೆ, ಇವೇ ಆ ಪುಟಗಳು.