ಗಣಿಯಿಂದ ಬಂದ ಹಾಡುಗಾರನು

ಸಿರುಗುಪ್ಪ ಕುರುಗೋಡುಗಳ ಸುತ್ತಣ ಹಳ್ಳಿಗಳಲ್ಲಿ ಭಜನೆಗೆ ಕೂತಾಗ ಒಬ್ಬನು ಪಲ್ಲವಿಯನ್ನು ಎತ್ತಿಕೊಡುವನು, ಉಳಿದವರು ಅದೇ ಸ್ವರದಲ್ಲಿ ಅದನ್ನು ತಿರಿಗಿ ಹಾಡುವರು. ಅಮೇರಿಕ ದೇಶದ ಕಪ್ಪು ವರ್ಣದ ಜನರ ಸಭೆಗಳಲ್ಲಿ ಬೇರೊಂದು ಕ್ರಮವು ಬೆಳೆಯಿತು. ನಾಲ್ವರು ಗಂಡಸರು ವಾದ್ಯವಿಲ್ಲದೆ ನಿಲ್ಲುವರು. ಒಬ್ಬನು ಹಾಡನ್ನು ನಡಿಸುವನು. ಒಬ್ಬನು ಮೇಲಿನ ದನಿಯನ್ನೂ ಇನ್ನೊಬ್ಬನು ನಡುವಣ ದನಿಯನ್ನೂ ಹಿಡಿಯುವರು. ನಾಲ್ಕನೆಯವನು ತಗ್ಗಿನ ದನಿಯಲ್ಲಿ ತಾಳವನ್ನೂ ಹೊತ್ತು, ಮದ್ದಲೆಯ ಕೊರತೆಯನ್ನು ತುಂಬುವನು. ಇದಕ್ಕೆ ಕ್ವಾರ್ಟೆಟ್ ಎಂದು ಹೆಸರು. ಈ ಬಗೆಯ ಹಾಡುಗಾರರಲ್ಲಿ ಹೆಸರಾದ ಕ್ಲಾಡ್ ಜೀಟರನ ಸಂಗತಿಯನ್ನು ಈಗ ನೋಡೋಣ.

ಈತನು 1914ರಲ್ಲಿ ಅಲಬಾಮ ಸೀಮೆಯ ಮಾಂಟ್ಗೊಮೆರಿಯಲ್ಲಿ ಹುಟ್ಟಿದನು. ಪ್ರಾಯಕ್ಕೆ ಬಂದ ಮೇಲೆ ಪಶ್ಚಿಮ ವರ್ಜೀನಿಯದ ಕಲ್ಲಿದ್ದಲ ಗಣಿಯಲ್ಲಿ ಕೂಲಿಯಾದನು. ಸಂಡೂರಿನ ಅದಿರಿನ ಕೆಂಪು ಧೂಳನ್ನು ಕಂಡ ನಮ್ಮ ಓದುಗರಿಗೆ ಆ ಕಪ್ಪು ಧೂಳು ಎಂಥದೆಂದು ಹೇಳಬೇಕಾಗಿಲ್ಲ. 1938ರಲ್ಲಿ ತನ್ನ ಸಹೋದರನನ್ನೂ ಜೊತೆಯ ಇಬ್ಬರು ಗಣಿಗಾರರನ್ನೂ ಕೂಡಿಸಿಕೊಂಡು ಮೇಳ ಕಟ್ಟಿದನು. 1942ರ ವೇಳೆಗೆ ಟೆನ್ನೆಸಿಯ ನಾಕ್ಸ್‌ವಿಲ್ ಪಟ್ಟಣದ ರೇಡಿಯೋದಲ್ಲಿ ಹಾಡುವ ಕೆಲಸ ದೊರೆಯಿತು. ಅದಕ್ಕೆ ಹಣ ಕೊಟ್ಟದ್ದು ಸ್ವಾನ್ ಎಂಬ ರೊಟ್ಟಿಯ ಕಾರ್ಖಾನೆ. ಆದಕಾರಣ ಮೇಳಕ್ಕೆ ಸ್ವಾನ್ ಸಿಲ್ವರ್‌ಟೋನ್ಸ್ ಎಂದೇ ಹೆಸರು ನಿಂತಿತು. ರೊಟ್ಟಿಯ ಹೆಸರನ್ನು ಹೊತ್ತು ಕೀರ್ತನೆ ಹಾಡುವದು ಕೆಲವರಿಗೆ ಹಗುರವಾಗಿ ತೋರಬಹುದು. ನಮಗೆ ಹಾಗೆ ತೋರುವದಿಲ್ಲ.

ಜೀಟರನು ಗಂಡಸಿನ ಸಹಜ ಕಂಠವನ್ನು ಬಿಟ್ಟು ಮೇಲೇರಿ, ನೂಲಿನ ಎಳೆಯಂತೆ ಸಣ್ಣಗೆ ಹಾಡಬಲ್ಲವನಾಗಿದ್ದನು. ಅದೇ ಮೇಳದಲ್ಲಿ ಲೂಯಿಸ್ ಜಾನ್ಸನನೆಂಬವನು ಗಂಟಲು ಹರಿಯುವಂತೆ ಕೂಗಿ ಹಾಡುವನು. ಆ ಕೂಗಿನ ಬಳಿಕ ಈ ಮೆಲುದನಿಯು ಬಂದಾಗ ಜನರು ಕಿವಿಗೊಟ್ಟರು. ಆದರೆ ಕೆಳಗಣ ದನಿಗಳು ಅಳುಕದೆ ನಿಂತರೆ ಮಾತ್ರ ಅಂಥ ದನಿಗೆ ಆಧಾರವುಂಟು. ಅವು ಜಾರಿದರೆ ಅದು ಬರೀ ಕೀರಲು. ಹಾಡು ಕಲಿಯುವವರು ಇದನ್ನು ಮೊದಲು ಗಮನಿಸತಕ್ಕದ್ದು.

ತಾನು ಯಾವಾಗಲೂ ಕರ್ತನಿಗಾಗಿಯೇ ಹಾಡುವೆನೆಂದು ಅವನು ತಾಯಿಗೆ ಮಾತು ಕೊಟ್ಟಿದ್ದನು. ಲೌಕಿಕ ಹಾಡಿಗೆ ಕರೆಗಳು ಬಂದರೂ ಹೋಗಲಿಲ್ಲ. ಅವನ ರೀತಿಯನ್ನು ಹಿಡಿದ ಎಡ್ಡಿ ಕೆಂಡ್ರಿಕ್ಸ್, ಆಲ್ ಗ್ರೀನ್ ಮೊದಲಾದವರು ಅದೇ ದಾರಿಯಲ್ಲಿ ಬಹು ಪ್ರಸಿದ್ಧರಾದರು. 1959ರಲ್ಲಿ ಮೇಳವು ಧ್ವನಿಮುದ್ರಿಸಿದ ಮರಿಯಳ ಹಳೆಯ ಹಾಡಿನೊಳಗೆ ಜೀಟರನು ಸೇತುವೆಯ ಮಾತೊಂದನ್ನು ತಾನಾಗಿ ಸೇರಿಸಿದನು. ಪಾಲ್ ಸೈಮನ್ ಎಂಬವನು ಅದರಿಂದ ಪ್ರೇರಿತನಾಗಿ ಬರೆದ ಸೇತುವೆಯ ಹಾಡು 1970ರಲ್ಲಿ ಲೋಕವೆಲ್ಲಾ ಹಬ್ಬಿತು. ಅಷ್ಟರೊಳಗೆ ಜೀಟರನು ಮೇಳವನ್ನು ಬಿಟ್ಟು ಡೆಟ್ರಾಯಿಟ್ ಪಟ್ಟಣದಲ್ಲಿ ಬೋಧಕನಾಗಿದ್ದನು.

1973ರಲ್ಲಿ ಸೈಮನನು ತನ್ನ ಹೊಸ ಹಾಡೊಂದರಲ್ಲಿ ಅವನಿಂದಲೇ ಕೆಲವು ಸಾಲುಗಳನ್ನು ಹಾಡಿಸಿದನು. ಅದು ಜಾತ್ರೆಯ ಹಾಡು. ತಾಯಿಗೆ ಕೊಟ್ಟ ಮಾತಿಗೆ ಇದು ಹೇಗೆ ಒಪ್ಪೀತೆಂದು ಕೇಳುವವರಿರಬಹುದು. ಅವನ ಪಾಲಿಗೆ ಬಂದ ಸಾಲುಗಳಲ್ಲಿ ಭಾರವಿಳಿಸಿ ವಿಶ್ರಮಿಸುವ ಮಾತಿದೆಯೆಂಬದನ್ನು ನೋಡಿದರೆ ನಾವು ಅವನನ್ನು ದೂರಲಾರೆವು. ಜೀಟರನು 2009ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಆಗ ಅವನಿಗೆ 94 ವರುಷ.